ಆ್ಯಂಪ್ ಸಿಮ್‌ನಲ್ಲಿ ರಾಕ್ ಕ್ಲೀನ್ ಟೋನ್: ತಂತಿಯಿಂದ ಮಿಕ್ಸ್‌ವರೆಗೆ ಸಮಗ್ರ ಮಾರ್ಗದರ್ಶಿ

ಗೇನ್ ಜೋರಾಗಿರುವ, ಅಂದರೆ ಸದ್ದು ಒಡೆದು ಗೊರಗೊರ ಎನ್ನುವ ಟೋನ್ ಆ್ಯಂಪ್ ಸಿಮ್‌ನಲ್ಲಿ (ಗಿಟಾರ್ ಆ್ಯಂಪನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಪ್ಲಗಿನ್ ಸಾಫ್ಟ್‌ವೇರ್) ಹತ್ತು ನಿಮಿಷಕ್ಕೆ ಕೂತುಬಿಡುತ್ತದೆ. ಒಡೆಯದೆ ಸ್ವಚ್ಛವಾಗಿ ಕೇಳುವ ಕ್ಲೀನ್ ಟೋನ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಪ್ರಿಸೆಟ್ (ಮೊದಲೇ ಹೊಂದಿಸಿಟ್ಟ ಟೋನ್) ತೆರೆದು ಒಂದು ಇ ಮೇಜರ್ ಕಾರ್ಡ್ ಬಾರಿಸಿ ನೋಡಿ: ಮೇಲೆ ಗಾಜಿಗೆ ಉಗುರು ಎಳೆದಂಥ ಟ್ರೆಬಲ್, ಕೆಳಗೆ ಹಲಗೆ ಬಡಿದಂಥ ಬೇಸ್, ನಡುವೆ ಟೊಳ್ಳು. ಆಗ ಎಲ್ಲರ ಕೈ ಮೊದಲು ಹೋಗುವುದು ಆ್ಯಂಪಿನ ಟ್ರೆಬಲ್ ನಾಬ್‌ಗೆ. ತಪ್ಪು ಅಲ್ಲಿರುವುದು ಅಪರೂಪ. ಬಹುಪಾಲು ತೊಂದರೆ ಇರುವುದು ಆ್ಯಂಪಿಗಿಂತ ಮುಂಚೆ, ಅಂದರೆ ಒಳಗೆ ಬರುವ ಸಿಗ್ನಲ್ಲಿನ ಮಟ್ಟದಲ್ಲಿ. ಇಲ್ಲವೇ ಆ್ಯಂಪ್ ದಾಟಿದ ಮೇಲೆ, ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಮತ್ತು ಮೈಕ್‌ನಲ್ಲಿ. ಈ ಎರಡು ತುದಿ ಸರಿಹೋದರೆ ನಡುವಿನ ನಾಬ್‌ಗಳಿಗೆ ಹೆಚ್ಚು ಕೆಲಸ ಉಳಿಯುವುದಿಲ್ಲ. ಆದ್ದರಿಂದ ಸಿಗ್ನಲ್ ಹರಿಯುವ ದಾರಿಯಲ್ಲೇ, ತಂತಿಯಿಂದ ಶುರುಮಾಡಿ ಒಂದೊಂದಾಗಿ ನೋಡೋಣ.

ಎಷ್ಟು ಕ್ಲೀನ್ ಬೇಕು?

ರಾಕ್‌ನಲ್ಲಿ ಕ್ಲೀನ್ ಎಂದು ಕರೆಯುವ ಟೋನ್ ಬಹುತೇಕ ಸಲ ಪೂರ್ತಿ ಕ್ಲೀನ್ ಆಗಿರುವುದಿಲ್ಲ. ಡ್ರಮ್ಸ್, ಬೇಸ್ ಜೊತೆಗೆ ಕೇಳುವಾಗ ಸ್ವಚ್ಛವಾಗಿ ಕೇಳಿಸುವ ಗಿಟಾರನ್ನು ಒಂಟಿಯಾಗಿ ಕೇಳಿದರೆ ಅದರಲ್ಲಿ ಸಣ್ಣ ಒರಟುತನ ಇರುತ್ತದೆ. ಆ ಒರಟುತನವೇ ಸ್ವರಕ್ಕೆ ಮೈ ಕೊಡುವುದು, ಬಾರಿಸುವವರ ಕೈಗೆ ಆ್ಯಂಪ್ ಓಗೊಡುವಂತೆ ಮಾಡುವುದು. ಸ್ಥೂಲವಾಗಿ ಮೂರು ಹದಗಳಿವೆ. ಒಂದು, ಎಷ್ಟು ಜೋರಾಗಿ ಮೀಟಿದರೂ ಒಡೆಯದ ಟೋನ್; ರೋಲೆಂಡ್ ಜೆಸಿ-120 ಇದಕ್ಕೆ ಮಾದರಿ. ಎರಡು, ಫೆಂಡರ್ ಟ್ವಿನ್ ರಿವರ್ಬ್ ಥರದ, ದುಂಡಗೆ ಇದ್ದು ತೀರಾ ಜೋರಾದಾಗ ಮಾತ್ರ ತುಸು ಬಿಗಿಯಾಗುವ ಟೋನ್. ಮೂರು, ಒಡೆಯುವ ಅಂಚಿನಲ್ಲಿ ನಿಂತಿರುವುದು: ಮೆಲ್ಲಗೆ ಮೀಟಿದರೆ ಸ್ವಚ್ಛ, ಗಟ್ಟಿಯಾಗಿ ಬಾರಿಸಿದರೆ ಗೊರಗೊರ. ರಾಕ್‌ಗೆ ಹೆಚ್ಚು ಒಗ್ಗುವುದು ಎರಡನೆಯದು ಮತ್ತು ಮೂರನೆಯದು. ಕೆಳಗಿನ ಅಂಕಿಗಳೆಲ್ಲ ಅವೆರಡನ್ನು ಗುರಿಯಾಗಿಟ್ಟುಕೊಂಡವು.

ಗಿಟಾರ್ ಮತ್ತು ಕೇಬಲ್

ಹೆಚ್ಚು ಡಿಸ್ಟಾರ್ಶನ್ ಇದ್ದಾಗ ಹಳೇ ತಂತಿಯ ಮಂಕು ಮುಚ್ಚಿಹೋಗುತ್ತದೆ, ಕ್ಲೀನ್‌ನಲ್ಲಿ ಮೊದಲ ಸ್ವರಕ್ಕೇ ಬಯಲಾಗುತ್ತದೆ. ಮಂಕಾದ ತಂತಿಗೆ ಈಕ್ಯೂನಲ್ಲಿ (ಈಕ್ವಲೈಸರ್) ಟ್ರೆಬಲ್ ಏರಿಸಿದರೆ ಹೊಳಪು ಬರುವುದಿಲ್ಲ, ಹಿಸ್ ಮತ್ತು ಬೆರಳುಜಾರಿನ ಸದ್ದು ಮಾತ್ರ ಮುಂದೆ ಬರುತ್ತದೆ. ರೆಕಾರ್ಡಿಂಗ್ ಇದ್ದರೆ ತಂತಿ ಬದಲಿಸಿ, ಹಿಗ್ಗಿಸಿ, ಟ್ಯೂನ್ ಮಾಡಿ.

ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಪಿಕಪ್‌ನ ಎತ್ತರವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕಾಸ್ಟರ್) ಥರದ ಸಿಂಗಲ್ ಕಾಯಿಲ್‌ಗಳಲ್ಲಿ, ಅಂದರೆ ಒಂದೇ ಸುರುಳಿಯ ಪಿಕಪ್‌ಗಳಲ್ಲಿ, ಕಡೆಯ ಫ್ರೆಟ್ ಒತ್ತಿ ಹಿಡಿದು, ತಂತಿಯ ತಳದಿಂದ ಪಿಕಪ್ಪಿನ ಅಯಸ್ಕಾಂತದ ತುದಿಗೆ ಅಳೆಯಿರಿ. ದಪ್ಪ ತಂತಿಯ ಕಡೆ ಸುಮಾರು 2.4 ಮಿ.ಮೀ., ತೆಳು ತಂತಿಯ ಕಡೆ 2 ಮಿ.ಮೀ. ಒಳ್ಳೆಯ ಆರಂಭ. ಇದಕ್ಕಿಂತ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಎಳೆಯತೊಡಗುತ್ತದೆ. ದಪ್ಪ ತಂತಿಯಲ್ಲಿ ಮೇಲಿನ ಫ್ರೆಟ್‌ಗಳ ಸ್ವರ ಎರಡು ಶ್ರುತಿ ಒಟ್ಟಿಗೆ ನುಡಿದಂತೆ ಅಲೆಯುತ್ತದೆ. ಇದನ್ನು ಟ್ಯೂನಿಂಗ್ ತಪ್ಪೆಂದೋ ಪ್ಲಗಿನ್ ದೋಷವೆಂದೋ ತಿಳಿದು ಗಂಟೆಗಟ್ಟಲೆ ಹುಡುಕುವವರಿದ್ದಾರೆ. ಒಂದು ಸ್ಕ್ರೂಡ್ರೈವರ್ ಸಾಕು.

ಸಿಂಗಲ್ ಕಾಯಿಲ್ ಗಿಟಾರಿನಲ್ಲಿ ಎರಡು ಪಿಕಪ್ ಸೇರುವ ನಡುವಿನ ಸ್ಥಾನಗಳು ಆರ್ಪೆಜಿಯೊಗೆ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ಮೀಟುವುದಕ್ಕೆ) ಚೆಂದ. ಹಂಬಕರ್ (ಎರಡು ಸುರುಳಿಯ ಪಿಕಪ್) ಇದ್ದರೆ ನೆಕ್ ಪಿಕಪ್‌ನ ವಾಲ್ಯೂಮ್ 7ಕ್ಕೆ ಇಳಿಸಿ. ಹಾಗೆ ಇಳಿಸಿದಾಗ ಟ್ರೆಬಲ್ ಕೂಡ ಸ್ವಲ್ಪ ಸೋರುತ್ತದೆ, ಏಕೆಂದರೆ ಆ ವಾಲ್ಯೂಮ್ ನಾಬ್‌ನ ಕೆಳಗಿರುವ ಪಾಟ್‌ನ ರೋಧ ಮತ್ತು ಕೇಬಲ್ಲಿನ ಕೆಪಾಸಿಟೆನ್ಸ್ ಸೇರಿ ಫಿಲ್ಟರ್ ಆಗುತ್ತವೆ. ಗಿಟಾರಿನಲ್ಲಿ ಟ್ರೆಬಲ್ ಬ್ಲೀಡ್ (ವಾಲ್ಯೂಮ್ ಇಳಿಸಿದರೂ ಟ್ರೆಬಲ್ ಉಳಿಸುವ ಸಣ್ಣ ಸರ್ಕ್ಯೂಟ್) ಇಲ್ಲದಿದ್ದರೆ, ಅದೇ ಇಳಿಕೆಯನ್ನು ಪ್ಲಗಿನ್ನಿನ ಇನ್‌ಪುಟ್ ನಾಬ್‌ನಲ್ಲಿ ಮಾಡಿ. ಅಲ್ಲಿ ಹೊಳಪು ಕಳೆಯುವುದಿಲ್ಲ. ಕೇಬಲ್ 3 ಮೀಟರ್ ಇದ್ದರೆ ಸಾಕು. ಉದ್ದ ಹೆಚ್ಚಿದಷ್ಟೂ ಮೇಲಿನ ಕಂಪನಗಳು ಕರಗುತ್ತವೆ. ಆದರೆ ಟೆಲಿಯ (ಫೆಂಡರ್ ಟೆಲಿಕಾಸ್ಟರ್) ಬ್ರಿಡ್ಜ್ ಪಿಕಪ್ ಕಿವಿಗೆ ಚುಚ್ಚುತ್ತಿದ್ದರೆ 6 ಮೀಟರ್ ಕೇಬಲ್ಲೇ ಮದ್ದು, ಇದು ತಮಾಷೆಯಲ್ಲ.

ಇಂಟರ್‌ಫೇಸ್: ಟೋನ್ ಕೆಡುವುದು ಇಲ್ಲೇ

ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆಯೇ ಇಂಟರ್‌ಫೇಸ್. ಮೊದಲು ಜಾಕ್. ಗಿಟಾರನ್ನು ಇನ್‌ಸ್ಟ್ರುಮೆಂಟ್ ಅಥವಾ ಹೈ-ಝಡ್ ಎಂದು ಗುರುತಿಸಿದ ಇನ್‌ಪುಟ್‌ಗೇ ಚುಚ್ಚಬೇಕು. ಅದರ ಇಂಪಿಡೆನ್ಸ್ (ಸಿಗ್ನಲ್‌ಗೆ ಒಡ್ಡುವ ವಿದ್ಯುತ್ ತಡೆ) ಸುಮಾರು 1 ಮೆಗಾಓಮ್ ಇರುತ್ತದೆ, ನಿಜವಾದ ವಾಲ್ವ್ (ನಿರ್ವಾತ ನಳಿಕೆ) ಆ್ಯಂಪಿನಲ್ಲಿ ಇರುವಷ್ಟೇ. ಲೈನ್ ಇನ್‌ಪುಟ್‌ನಲ್ಲಿ ಅದು 10 ಕಿಲೋಓಮ್ ಆಸುಪಾಸಿಗೆ ಇಳಿಯುತ್ತದೆ. ಆ ಭಾರಕ್ಕೆ ಪಿಕಪ್ಪಿನ ಅನುರಣನ ಶೃಂಗ, ಅಂದರೆ 3ರಿಂದ 5 ಕಿಲೋಹರ್ಟ್ಜ್ ಸುತ್ತಮುತ್ತಲ ಹೊಳಪು, ಮಟಾಮಾಯ. ಹೋದ ಹೊಳಪನ್ನು ಪ್ಲಗಿನ್‌ನಲ್ಲಿ ಮರಳಿ ತರಲಾಗುವುದಿಲ್ಲ. ಕೆಲವು ಇಂಟರ್‌ಫೇಸ್‌ಗಳಲ್ಲಿ ಜಾಕ್ ಒಂದೇ ಇದ್ದು, ಇನ್‌ಸ್ಟ್ರುಮೆಂಟ್–ಲೈನ್ ಬದಲಾವಣೆ ಬಟನ್‌ನಲ್ಲೋ ಸಾಫ್ಟ್‌ವೇರ್‌ನಲ್ಲೋ ಇರುತ್ತದೆ. ಅದನ್ನು ಪ್ರತಿ ಸಲ ನೋಡಿಕೊಳ್ಳಿ.

ಇನ್ನು ಮಟ್ಟ. ಪ್ಲಗಿನ್ ಒಳಗಿನ ವರ್ಚುವಲ್ ಆ್ಯಂಪ್‌ಗೆ ನಿಮ್ಮ ಗಿಟಾರ್ ಎಷ್ಟು ವೋಲ್ಟ್ ಕೊಡುತ್ತಿದೆ ಎಂದು ತಿಳಿಯುವ ದಾರಿಯಿಲ್ಲ. ಅದಕ್ಕೆ ಕಾಣುವುದು ಡಿಜಿಟಲ್ ಅಂಕಿ ಮಾತ್ರ. ಹಾಗಾಗಿ ತಯಾರಕರು ಒಂದು ಊಹೆ ಇಟ್ಟುಕೊಂಡಿರುತ್ತಾರೆ: ಇಷ್ಟು ಡಿಬಿಯು (ವಿದ್ಯುತ್ ಮಟ್ಟದ ಅಳತೆ) ಬಂದರೆ 0 ಡಿಬಿಎಫ್‌ಎಸ್ (ಡಿಜಿಟಲ್ ಮಟ್ಟದ ಗರಿಷ್ಠ) ಎಂದು. ನಿಮ್ಮ ಇಂಟರ್‌ಫೇಸ್ ಆ ಊಹೆಗೆ ಹೊಂದದಿದ್ದರೆ, ನೀವು ಗಿಟಾರಿಗೂ ಆ್ಯಂಪಿಗೂ ನಡುವೆ ಕಾಣದ ಬೂಸ್ಟ್ ಪೆಡಲ್ ಒಂದನ್ನು ಇಟ್ಟಂತೆ.

ಲೆಕ್ಕ ಸುಲಭ. ಇಂಟರ್‌ಫೇಸ್‌ನ ಕೈಪಿಡಿಯಲ್ಲಿ ಇನ್‌ಸ್ಟ್ರುಮೆಂಟ್ ಇನ್‌ಪುಟ್‌ನ ಗರಿಷ್ಠ ಮಟ್ಟ, ಗೇನ್ ಕನಿಷ್ಠವಿದ್ದಾಗಿನದು, ಡಿಬಿಯುನಲ್ಲಿ ಬರೆದಿರುತ್ತದೆ. ಪ್ಲಗಿನ್ ನಿರೀಕ್ಷಿಸುವ ಮಟ್ಟ ಅದರ ದಾಖಲೆಯಲ್ಲಿ ಸಿಗುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಬಂದ ಉತ್ತರವೇ ಪ್ಲಗಿನ್ನಿನ ಇನ್‌ಪುಟ್ ಟ್ರಿಮ್ (ಒಳಬರುವ ಮಟ್ಟದ ಹೊಂದಾಣಿಕೆ). ಉದಾಹರಣೆಗೆ ಇಂಟರ್‌ಫೇಸ್ +9 ಡಿಬಿಯು, ಪ್ಲಗಿನ್ +12 ಡಿಬಿಯು ಎಂದಿಟ್ಟುಕೊಳ್ಳಿ. 9ರಿಂದ 12 ಕಳೆದರೆ −3. ಇಂಟರ್‌ಫೇಸ್‌ನ ಗೇನ್ ಪೂರ್ತಿ ಕೆಳಗಿಟ್ಟು, ಪ್ಲಗಿನ್ ಇನ್‌ಪುಟ್ −3 ಡಿಬಿ ಮಾಡಿದರೆ ವರ್ಚುವಲ್ ಆ್ಯಂಪ್‌ಗೆ ನಿಜವಾದ ಆ್ಯಂಪ್‌ಗೆ ಹೋಗುವಷ್ಟೇ ಸಿಗ್ನಲ್ ಹೋಗುತ್ತದೆ. ನ್ಯೂರಲ್ ಆ್ಯಂಪ್ ಮಾಡೆಲರ್‌ನಂಥ ಕೆಲವು ಪ್ಲಗಿನ್‌ಗಳಲ್ಲಿ ಇಂಟರ್‌ಫೇಸ್‌ನ ಅಂಕಿಯನ್ನು ಬರೆದರೆ ಅದೇ ಲೆಕ್ಕ ಹಾಕಿಕೊಳ್ಳುವ ಸೌಲಭ್ಯವೂ ಇದೆ. ಆದರೆ ಅದರಲ್ಲಿ ಬಳಸುವ ಕ್ಯಾಪ್ಚರ್ (ನಿಜವಾದ ಆ್ಯಂಪಿನ ಡಿಜಿಟಲ್ ನಕಲು) ಮಾಡಿದವರು ತಮ್ಮ ಮಟ್ಟವನ್ನು ದಾಖಲಿಸಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಅಂಕಿ ಎಲ್ಲೂ ಸಿಗದಿದ್ದರೆ? ಗಿಟಾರ್ ವಾಲ್ಯೂಮ್ ಪೂರ್ತಿ ಇಟ್ಟು, ನೀವು ಬಾರಿಸುವ ಅತಿ ಜೋರಿನ ಸ್ಟ್ರಮ್‌ಗೆ ಮೀಟರಿನ ಪೀಕ್ −12 ಡಿಬಿಎಫ್‌ಎಸ್ ಸುತ್ತ ನಿಲ್ಲುವಂತೆ ಮಾಡಿ. ಹಂಬಕರ್ ಆದರೆ −8ವರೆಗೂ ಹೋಗಲಿ. 24 ಬಿಟ್ ರೆಕಾರ್ಡಿಂಗ್‌ನಲ್ಲಿ ಇದಕ್ಕಿಂತ ಜೋರು ಬೇಕಾಗಿಲ್ಲ. 'ಮೀಟರ್ ಕೆಂಪಿಗೆ ಹತ್ತಿರ ಇದ್ದಷ್ಟೂ ಒಳ್ಳೆಯದು' ಎಂಬ ಹಳೇ ಪಾಠವನ್ನು ಇಲ್ಲಿ ಮರೆಯಿರಿ.

ಮಟ್ಟ ತಪ್ಪಿದರೆ ಆಗುವ ಅನಾಹುತ ಒಂದು ಸರಪಳಿಯಂತೆ ಬರುತ್ತದೆ. ಸಿಗ್ನಲ್ 6 ಡಿಬಿ ಹೆಚ್ಚಾಗಿ ಒಳಬಂತು ಅನ್ನಿ. ಆ್ಯಂಪ್ ವಾಲ್ಯೂಮ್ 3ಕ್ಕೇ ಒಡೆಯತೊಡಗುತ್ತದೆ. ಕ್ಲೀನ್ ಬೇಕೆಂದು ನೀವು ವಾಲ್ಯೂಮನ್ನು 2ಕ್ಕೆ ಇಳಿಸುತ್ತೀರಿ. ಫೆಂಡರ್ ಥರದ ಆ್ಯಂಪ್‌ಗಳಲ್ಲಿ ವಾಲ್ಯೂಮ್ ಪಾಟ್‌ನ ಮೇಲೆ ಬ್ರೈಟ್ ಕೆಪಾಸಿಟರ್ ಇರುತ್ತದೆ. ವಾಲ್ಯೂಮ್ ಕಡಿಮೆ ಇದ್ದಷ್ಟೂ ಅದು ಟ್ರೆಬಲ್ಲನ್ನು ಅಡ್ಡದಾರಿಯಿಂದ ಹೆಚ್ಚು ಸಾಗಿಸುತ್ತದೆ, ವಾಲ್ಯೂಮ್ ಪೂರ್ತಿ ಏರಿದರೆ ಅದರ ಪರಿಣಾಮವೇ ಇಲ್ಲ. ಸಾಫ್ಟ್‌ವೇರ್ ಮೂಲ ಸರ್ಕ್ಯೂಟ್ಟನ್ನು ಪ್ರಾಮಾಣಿಕವಾಗಿ ಅನುಸರಿಸಿದ್ದರೆ ಈ ಗುಣವೂ ಜೊತೆಗೇ ಬಂದಿರುತ್ತದೆ. ಫಲ: ಕಿವಿಗೆ ಸೂಜಿ. ಆಮೇಲೆ ಟ್ರೆಬಲ್ ಇಳಿಸಿ, ಈಕ್ಯೂ ಹಾಕಿ, ಐಆರ್ (ಕ್ಯಾಬಿನೆಟ್ ಮತ್ತು ಮೈಕ್‌ನ ಗುಣವನ್ನು ಹಿಡಿದಿಟ್ಟ ಫೈಲ್) ಬದಲಿಸಿ ಒದ್ದಾಡುವುದೆಲ್ಲ ಆ ಮೊದಲ 6 ಡಿಬಿಯ ಸಾಲ ತೀರಿಸುವ ಪಾಡು.

ಲೇಟೆನ್ಸಿ, ಮತ್ತು ಒಂದು ಸಣ್ಣ ಬಟನ್

ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಜ್, ಬಫರ್ 128 ಸ್ಯಾಂಪಲ್ ಇಟ್ಟರೆ ಬಫರ್ ಒಂದರ ವಿಳಂಬ 2.7 ಮಿಲಿಸೆಕೆಂಡ್. 64ಕ್ಕೆ 1.3, 256ಕ್ಕೆ 5.3. ಒಳಗೆ ಬರುವುದು, ಹೊರಗೆ ಹೋಗುವುದು, ಕನ್ವರ್ಟರ್‌ಗಳು ಸೇರಿ ಒಟ್ಟು 10 ಮಿಲಿಸೆಕೆಂಡ್ ಒಳಗಿದ್ದರೆ ಕೈಗೆ ತೊಡಕಾಗದು. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ತಯಾರಕರದೇ ಏಸಿಯೊ ಡ್ರೈವರ್ ಬಳಸಿ.

ಆ ಬಟನ್ ಅಂದರೆ ಡೈರೆಕ್ಟ್ ಮಾನಿಟರ್. ಅದು ಆನ್ ಇದ್ದರೆ ಸಂಸ್ಕರಿಸದ ಗಿಟಾರ್ ಸದ್ದೂ ಪ್ಲಗಿನ್ ಸದ್ದೂ ಕೆಲವು ಮಿಲಿಸೆಕೆಂಡ್ ಅಂತರದಲ್ಲಿ ಒಟ್ಟಿಗೆ ಕಿವಿಗೆ ಬೀಳುತ್ತವೆ. ಟೋನ್ ತೆಳ್ಳಗೆ, ತಗಡಿನಂತೆ, ಒಳಗೆಲ್ಲೋ ಟೊಳ್ಳಾದಂತೆ ಕೇಳುತ್ತದೆ. ರೆಕಾರ್ಡ್ ಆದದ್ದನ್ನು ಮತ್ತೆ ಕೇಳಿದಾಗ ಚೆನ್ನಾಗಿದ್ದು, ಬಾರಿಸುವಾಗ ಮಾತ್ರ ಕೆಟ್ಟದಾಗಿದ್ದರೆ ಅನುಮಾನವೇ ಬೇಡ, ಈ ಬಟನ್ ಆಫ್ ಮಾಡಿ.

ಯಾವ ಆ್ಯಂಪ್?

ಸಾಫ್ಟ್‌ವೇರ್‌ಗಳಲ್ಲಿ ಹೆಸರು ಬೇರೆ ಬೇರೆ ಇದ್ದರೂ ಒಳಗಿರುವ ಮಾದರಿಗಳು ಬೆರಳೆಣಿಕೆಯವು. ಆ ಮಾದರಿಯ ಸ್ವಭಾವ ಗೊತ್ತಿದ್ದರೆ ನಾಬ್ ತಿರುಗಿಸುವುದು ಕುರುಡಾಟವಾಗುವುದಿಲ್ಲ.

ಫೆಂಡರ್ ಡಿಲಕ್ಸ್ ರಿವರ್ಬ್: 22 ವ್ಯಾಟ್, ಎರಡು 6ವಿ6 ವಾಲ್ವ್, 12 ಇಂಚಿನ ಒಂದು ಸ್ಪೀಕರ್. ಒಡೆಯುವ ಅಂಚಿನ ಟೋನ್‌ಗೆ ಇದೇ ಮೊದಲ ಆಯ್ಕೆ. ಇದರ ರೆಕ್ಟಿಫೈಯರ್ (ಎಸಿ ವಿದ್ಯುತ್ತನ್ನು ಡಿಸಿ ಮಾಡುವ ಭಾಗ) ಕೂಡ ವಾಲ್ವ್ ಆದ್ದರಿಂದ ಗಟ್ಟಿಯಾಗಿ ಬಾರಿಸಿದಾಗ ವೋಲ್ಟೇಜ್ ಕ್ಷಣಕಾಲ ಕುಸಿದು ಸ್ವರ ಸ್ವಲ್ಪ ಹಿಂಡಿದಂತಾಗುತ್ತದೆ; ಪ್ಲಗಿನ್‌ಗಳಲ್ಲಿ 'ಸ್ಯಾಗ್' ಎಂಬ ನಾಬ್ ಇದ್ದರೆ ಅದು ಇದನ್ನೇ ನಿಯಂತ್ರಿಸುತ್ತದೆ. ರಿವರ್ಬ್ ಇರುವ ಚಾನೆಲ್‌ನಲ್ಲಿ 47 ಪಿಕೋಫ್ಯಾರಡ್ ಬ್ರೈಟ್ ಕೆಪಾಸಿಟರ್ ಸದಾ ಜೋಡಿಸಿರುತ್ತದೆ, ಆಫ್ ಮಾಡಲು ಸ್ವಿಚ್ಚಿಲ್ಲ. ಮಿಡ್ ನಾಬ್ ಕೂಡ ಇಲ್ಲ.

ಟ್ವಿನ್ ರಿವರ್ಬ್ ಇದರ ಅಣ್ಣ: ನಾಲ್ಕು 6ಎಲ್6, ಎರಡು 12 ಇಂಚು, ವಾಲ್ವ್ ಬದಲು ಡಯೋಡ್ ರೆಕ್ಟಿಫೈಯರ್. ಹಾಗಾಗಿ ಕೈಗೆ ಗಡಸು, ಸುಲಭಕ್ಕೆ ಒಡೆಯದು. ಪೆಡಲ್‌ಗಳನ್ನು ಮುಂದಿಟ್ಟು ಬಾರಿಸುವವರಿಗೆ ಹೇಳಿಮಾಡಿಸಿದ್ದು.

ಫೆಂಡರ್ ಟೋನ್ ಸ್ಟ್ಯಾಕ್ (ಬೇಸ್, ಮಿಡ್, ಟ್ರೆಬಲ್ ನಾಬ್‌ಗಳ ಸರ್ಕ್ಯೂಟ್) ಬಗ್ಗೆ ಒಂದು ಮಾತು. ಇದರಲ್ಲಿ ಎಲ್ಲ ನಾಬ್ 5ರಲ್ಲಿದ್ದರೆ ಸಮತಟ್ಟು ಎಂದುಕೊಳ್ಳುವುದು ತಪ್ಪು. ಆ ಸ್ಥಾನದಲ್ಲಿ 400–500 ಹರ್ಟ್ಜ್ ಸುತ್ತ ಆಳವಾದ ಹಳ್ಳವಿರುತ್ತದೆ. ಟ್ವಿನ್‌ನಂತೆ ಮಿಡ್ ನಾಬ್ ಇದ್ದರೆ ಸಮತಟ್ಟಿಗೆ ಹತ್ತಿರದ ಸ್ಥಾನ ಬೇಸ್ 2, ಟ್ರೆಬಲ್ 2, ಮಿಡ್ 10. ಟೋನ್ ತೆಳುವೆನಿಸಿದರೆ ಬೇಸ್ ಏರಿಸಬೇಡಿ, ಮಿಡ್ಡನ್ನು 7 ಅಥವಾ 8ಕ್ಕೆ ಒಯ್ಯಿರಿ. ಬ್ಯಾಂಡ್ ಮಧ್ಯೆ ಗಿಟಾರ್ ಕೇಳಿಸುವುದೇ ಆ ಜಾಗದಲ್ಲಿ.

ವಾಕ್ಸ್ ಎಸಿ30: ನಾಲ್ಕು ಇಎಲ್84, ಝಣಝಣ ಎನ್ನುವ ಮೇಲ್ದನಿ. ಟಾಪ್ ಬೂಸ್ಟ್ ಚಾನೆಲ್‌ನಲ್ಲಿ ಬೇಸ್ ಮತ್ತು ಟ್ರೆಬಲ್ ಎರಡನ್ನೂ ಏರಿಸಿದಷ್ಟು ನಡುದನಿ ಬರಿದಾಗುತ್ತದೆ. ಎರಡನ್ನೂ 4ರ ಆಸುಪಾಸಿನಲ್ಲಿಟ್ಟು ಶುರುಮಾಡಿ. ಅಲ್ಲಿರುವ 'ಕಟ್' ನಾಬ್ ಉಲ್ಟಾ ಕೆಲಸ ಮಾಡುತ್ತದೆ: ಏರಿಸಿದರೆ ಟ್ರೆಬಲ್ ಕಡಿಮೆ. ಇದು ಗೊತ್ತಿಲ್ಲದೆ 'ಹೊಳಪು ಬರಲಿ' ಎಂದು ಅದನ್ನು ಬಲಕ್ಕೆ ತಿರುಗಿಸಿ ಮಂಕು ಮಾಡಿಕೊಳ್ಳುವವರೇ ಹೆಚ್ಚು.

1975ರಲ್ಲಿ ಬಂದ ರೋಲೆಂಡ್ ಜೆಸಿ-120 ವಾಲ್ವ್ ಇಲ್ಲದ ಆ್ಯಂಪ್. ಅದರ ಕೋರಸ್‌ನ ಗುಟ್ಟು ಎರಡು ಸ್ಪೀಕರ್‌ಗಳಲ್ಲಿದೆ: ಒಂದರಲ್ಲಿ ಮೂಲ ಸದ್ದು, ಇನ್ನೊಂದರಲ್ಲಿ ಶ್ರುತಿ ತೂಗುವ ಸದ್ದು, ಅವೆರಡೂ ಬೆರೆಯುವುದು ಗಾಳಿಯಲ್ಲಿ. ಪ್ಲಗಿನ್ನನ್ನು ಮೋನೊ ಟ್ರ್ಯಾಕ್‌ನಲ್ಲಿ ತೆರೆದರೆ ಆ ಹರವು ಸಿಗುವುದಿಲ್ಲ. ಸ್ಟೀರಿಯೊ ಟ್ರ್ಯಾಕ್ ಬಳಸಿ. ಹೈವಾಟ್ ಡಿಆರ್103 ಮಾದರಿ ಸಿಕ್ಕರೆ ಅದನ್ನೂ ಬಿಡಬೇಡಿ. 100 ವ್ಯಾಟ್‌ನ ಆ ದೊಡ್ಡ ಕ್ಲೀನ್ ಪವರ್ ಕಾರ್ಡ್‌ಗಳನ್ನು ಗೋಡೆಯಂತೆ ನಿಲ್ಲಿಸುತ್ತದೆ.

ಅಂಚನ್ನು ಹುಡುಕುವುದು

ಡಿಲಕ್ಸ್ ಮಾದರಿ ಇಟ್ಟುಕೊಂಡು ಹೀಗೆ ಮಾಡಿ. ರಿವರ್ಬ್, ಡಿಲೇ (ಪ್ರತಿಧ್ವನಿ), ಗೇಟ್ (ಮೆಲು ಸದ್ದನ್ನು ಮುಚ್ಚಿಬಿಡುವ ಎಫೆಕ್ಟ್) ಎಲ್ಲ ಆಫ್.

1. ಬೇಸ್ 3, ಟ್ರೆಬಲ್ 5, ವಾಲ್ಯೂಮ್ 2. ಗಿಟಾರ್ ವಾಲ್ಯೂಮ್ 10.
2. ಓಪನ್ ಇ ಕಾರ್ಡನ್ನು ನಿಮ್ಮ ಹಾಡಿನ ಅತಿ ಜೋರಿನ ಭಾಗದಲ್ಲಿ ಬಾರಿಸುವಷ್ಟೇ ಬಲದಿಂದ ಬಾರಿಸಿ, ತಂತಿಗಳು ತಾವಾಗಿ ಆರುವವರೆಗೆ ಬಿಡಿ.
3. ವಾಲ್ಯೂಮನ್ನು ಅರ್ಧರ್ಧ ಅಂಕಿ ಏರಿಸುತ್ತಾ ಇದನ್ನೇ ಮಾಡಿ. ಏರಿಸಿದಷ್ಟು ಸದ್ದೂ ಹೆಚ್ಚುತ್ತದೆ, ಆದ್ದರಿಂದ ಪ್ರತಿ ಸಲ ಪ್ಲಗಿನ್ನಿನ ಔಟ್‌ಪುಟ್ ಇಳಿಸಿ ಮೊದಲಿನಷ್ಟೇ ಜೋರು ಇರುವಂತೆ ನೋಡಿಕೊಳ್ಳಿ. ಈ ಹೊಂದಾಣಿಕೆ ಬಿಟ್ಟರೆ ಕಿವಿ ಜೋರಾದದ್ದನ್ನೇ ಚೆಂದ ಎನ್ನುತ್ತದೆ.
4. ಕಾರ್ಡಿನ ಮೊದಲ ಕ್ಷಣದಲ್ಲಿ ಗೊರಗು ಕೇಳಿ, ಅರ್ಧ ಸೆಕೆಂಡಿನಲ್ಲಿ ಅದು ಸ್ವಚ್ಛವಾದರೆ ಅದೇ ಅಂಚು. ಮಟ್ಟ ಸರಿಯಿದ್ದರೆ ಇದು ಸಾಮಾನ್ಯವಾಗಿ 4–5ರ ನಡುವೆ ಸಿಗುತ್ತದೆ. 2–3ರಲ್ಲೇ ಸಿಕ್ಕರೆ ಇನ್‌ಪುಟ್ ಜೋರಾಗಿದೆ. 7 ದಾಟಿದರೂ ಸಿಗದಿದ್ದರೆ ಸೊರಗಿದೆ. ಹಿಂದೆ ಹೋಗಿ ಟ್ರಿಮ್ ನೋಡಿ.
5. ಈಗ ಅರ್ಧ ಅಂಕಿ ಕೆಳಗಿಳಿಸಿ. ಮಿಕ್ಸ್‌ನಲ್ಲಿ ಎಲ್ಲ ವಾದ್ಯಗಳೂ ಕಂಪ್ರೆಸ್ ಆದ ಮೇಲೆ ಗೊರಗು ಇನ್ನೂ ಎದ್ದು ಕಾಣುತ್ತದೆ, ಅದಕ್ಕೆ ಈ ಜಾಗ ಬೇಕು.

ಎರಡು ಸ್ವರ ಒಟ್ಟಿಗೆ ನುಡಿಸಿ ಬೆಂಡ್ ಮಾಡಿ ನೋಡುವುದು ಇನ್ನೂ ಸೂಕ್ಷ್ಮ ಪರೀಕ್ಷೆ. ಅಂಚು ಮೀರಿದ್ದರೆ ಎರಡರ ನಡುವಿನ ವ್ಯತ್ಯಾಸದ ಕಂಪನ ಕೆಳಗೆ ಗುರುಗುಟ್ಟುತ್ತದೆ.

ಓವರ್‌ಸ್ಯಾಂಪ್ಲಿಂಗ್ (ಒಳಗೆ ಹೆಚ್ಚಿನ ಸ್ಯಾಂಪಲ್ ರೇಟ್‌ನಲ್ಲಿ ಸಂಸ್ಕರಿಸುವ) ಆಯ್ಕೆ ಇದ್ದರೆ ಮಿಕ್ಸ್ ಮಾಡುವಾಗ ಏರಿಸಿ. ಕ್ಲೀನ್‌ನಲ್ಲಿ ಏಲಿಯಾಸಿಂಗ್ (ಡಿಜಿಟಲ್ ಸಂಸ್ಕರಣೆಯಲ್ಲಿ ಹುಟ್ಟುವ ಸುಳ್ಳು ಕಂಪನ) ಅಷ್ಟಾಗಿ ಕಾಣದು, ಆದರೆ ಮೇಲಿನ ಫ್ರೆಟ್‌ಗಳ ಬೆಂಡ್‌ಗಳಲ್ಲಿ ಸ್ವರಕ್ಕೆ ಸಂಬಂಧವಿಲ್ಲದ ಸಿಳ್ಳೆ ಉಲ್ಟಾ ದಿಕ್ಕಿಗೆ ಜಾರುವುದು ಕೇಳಿಸಿದರೆ ಅದರದೇ ಕೆಲಸ.

ಕ್ಯಾಬಿನೆಟ್ ಮತ್ತು ಮೈಕ್

ಎಲೆಕ್ಟ್ರಿಕ್ ಗಿಟಾರಿನ ಸ್ಪೀಕರ್ 5 ಕಿಲೋಹರ್ಟ್ಜ್ ಮೇಲೆ ಕಡಿದಾಗಿ ಇಳಿಯುತ್ತದೆ. ಅದನ್ನು ಸ್ಪೀಕರ್ ಎನ್ನುವುದಕ್ಕಿಂತ ಜೋರಾದ ಒಂದು ಫಿಲ್ಟರ್ ಎನ್ನಬಹುದು. ಆ್ಯಂಪಿನ ನಾಬ್ 2 ಅಂಕಿ ಸರಿದಾಗ ಆಗುವುದಕ್ಕಿಂತ ದೊಡ್ಡ ಬದಲಾವಣೆ ಮೈಕ್ 2 ಸೆಂ.ಮೀ. ಸರಿದಾಗ ಆಗುತ್ತದೆ. ಆದ್ದರಿಂದ ಟೋನ್ ಹುಡುಕುವ ಸಮಯದ ಅರ್ಧವನ್ನು ಇಲ್ಲಿ ಕಳೆಯಿರಿ.

ಕ್ಲೀನ್‌ಗೆ ಹಿಂಬದಿ ತೆರೆದ ಕ್ಯಾಬಿನೆಟ್‌ಗಳು, 12 ಇಂಚಿನ ಒಂದು ಅಥವಾ ಎರಡು ಸ್ಪೀಕರ್‌ನವು, ಸಲೀಸು. ಹಿಂಬದಿ ಮುಚ್ಚಿದ ನಾಲ್ಕು ಸ್ಪೀಕರ್‌ನ ಪೆಟ್ಟಿಗೆ ಗೇನ್ ಟೋನ್‌ಗೆ ಬಿಗಿ ಕೊಡುತ್ತದೆ, ಕ್ಲೀನ್‌ನಲ್ಲಿ ಅದೇ ಬಿಗಿ ಕೆಳದನಿಯನ್ನು ಗಡುಸಾಗಿಸುತ್ತದೆ. ಸೆಲೆಸ್ಶನ್ ವಿಂಟೇಜ್ 30ಕ್ಕೆ ಮೇಲಿನ ನಡುದನಿಯಲ್ಲಿ ಒಂದು ಉಬ್ಬು ಇದೆ. ಸಿಂಗಲ್ ಕಾಯಿಲ್ ಜೊತೆ ಸೇರಿದರೆ ಕಿರುಚುತ್ತದೆ. ಜೆನ್ಸನ್ ಮಾದರಿಯ ಸ್ಪೀಕರ್ ಫೆಂಡರ್‌ಗೆ, ಸೆಲೆಸ್ಶನ್ ಆಲ್ನಿಕೊ ಬ್ಲೂ ವಾಕ್ಸ್‌ಗೆ, ಗ್ರೀನ್‌ಬ್ಯಾಕ್ ಇವೆರಡಕ್ಕೂ ಮೆತ್ತಗಿನ ಪರ್ಯಾಯ.

ಐಆರ್ ಫೈಲ್ ಬಳಸುವುದಾದರೆ ಆ್ಯಂಪ್ ಪ್ಲಗಿನ್ನಿನ ಒಳಗಿರುವ ಕ್ಯಾಬ್ ಆಫ್ ಆಗಿದೆಯೇ ನೋಡಿ. ಎರಡು ಕ್ಯಾಬ್ ಒಂದರ ಮೇಲೊಂದು ಬಿದ್ದರೆ ಕಂಬಳಿ ಹೊದ್ದಂತೆ ಮಂಕು. ಒಂದೂ ಇಲ್ಲದಿದ್ದರೆ ಜೇನುನೊಣದ ಗುಂಪಿನಂಥ ಝೇಂಕಾರ. ಎರಡೂ ತಪ್ಪು ಬಹಳ ಸಾಮಾನ್ಯ.

ಮೈಕ್ ವಿಷಯಕ್ಕೆ ಬಂದರೆ ಶೂರ್ ಎಸ್‌ಎಂ57 ರೂಢಿಯ ಮೊದಲ ಹೆಜ್ಜೆ. ಕೋನ್ ಮಧ್ಯದ ಗುಬುಟಿನ ನಟ್ಟನಡುವೆ ಇಟ್ಟರೆ ಅತಿ ಚೂಪು. ಅದರ ಅಂಚಿಗೆ, ಅಂದರೆ ಗುಬುಟು ಮುಗಿದು ಕೋನ್ ಶುರುವಾಗುವಲ್ಲಿ ಇಟ್ಟರೆ ಸಮತೋಲ. ಇನ್ನೂ ಹೊರಗೆ ಸರಿದರೆ ಮಂಕು. ಕ್ಲೀನ್‌ಗೆ ಅಂಚಿನಿಂದ ಒಂದು ಬೆರಳು ಹೊರಗೆ ಇಟ್ಟು ಶುರುಮಾಡಿ. ದೂರ 2–3 ಸೆಂ.ಮೀ. ಇದ್ದರೆ ಬೇಸ್ ಉಬ್ಬಿರುತ್ತದೆ, 8–10 ಸೆಂ.ಮೀ.ಗೆ ಹಿಂದೆ ಎಳೆದರೆ ಅದು ಇಳಿದು ಕಾರ್ಡಿನ ಸ್ವರಗಳು ಬಿಡಿಬಿಡಿಯಾಗಿ ಕೇಳತೊಡಗುತ್ತವೆ. ಆರ್ಪೆಜಿಯೊ ಬಾರಿಸುವವರು ಈ ದೂರವನ್ನು ಮೊದಲು ಪ್ರಯತ್ನಿಸಬೇಕು.

ಎಸ್‌ಎಂ57 ಜೊತೆಗೆ ರಾಯರ್ ಆರ್-121ನಂಥ ರಿಬ್ಬನ್ ಮೈಕ್ ಬೆರೆಸುವುದು ಹಳೇ ಜಾಣತನ: ಒಂದರಿಂದ ಮೊನಚು, ಇನ್ನೊಂದರಿಂದ ಮೈ. ಆದರೆ ಎರಡು ಮೈಕ್‌ಗಳ ದೂರ ಬೇರೆಯಾದರೆ ಫೇಸ್ (ಎರಡು ಅಲೆಗಳ ಹೊಂದಾಣಿಕೆ) ಕೆಡುತ್ತದೆ. ಸದ್ದು 1 ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಹೋಗುತ್ತದೆ. ಒಂದು ಮೈಕ್ ಇನ್ನೊಂದಕ್ಕಿಂತ 10 ಸೆಂ.ಮೀ. ಹಿಂದಿದ್ದರೆ 0.29 ಮಿಲಿಸೆಕೆಂಡ್ ತಡ. 1700 ಹರ್ಟ್ಜ್ ಸುತ್ತ ಹಳ್ಳ ಬೀಳುತ್ತದೆ, ಗಿಟಾರಿನ ಮಾತು ಕೇಳಿಸುವ ಜಾಗವೇ ಅದು. ಪರೀಕ್ಷೆ ಸರಳ: ಎರಡರ ಮಟ್ಟ ಸಮ ಮಾಡಿ, ಒಂದರ ಪೊಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ). ಸದ್ದು ಬಹುತೇಕ ಅಡಗಿಹೋದರೆ ಫೇಸ್ ಸರಿಯಿದೆ, ಪೊಲಾರಿಟಿ ಹಿಂದಕ್ಕೆ ತಿರುಗಿಸಿ. ತಿರುಗಿಸಿದಾಗಲೇ ದಪ್ಪವಾದರೆ ಮೊದಲಿನದೇ ತಪ್ಪಿತ್ತು.

ಕಂಪ್ರೆಸರ್

ಜೋರು–ಮೆಲು ಅಂತರವನ್ನು ಕುಗ್ಗಿಸುವ ಕಂಪ್ರೆಸರನ್ನು ಆ್ಯಂಪಿಗೆ ಮುಂಚೆ ಇಟ್ಟರೆ ಅದು ಕೈಗೆ ಸಿಗುವ ಅನುಭವವನ್ನು ಬದಲಿಸುತ್ತದೆ, ಆಮೇಲೆ ಇಟ್ಟರೆ ಮಿಕ್ಸ್‌ನಲ್ಲಿನ ಜಾಗವನ್ನು. ಆರ್ಪೆಜಿಯೊ ಮತ್ತು ಫಂಕ್ ಛಾಯೆಯ ರಿದಂಗೆ ಮುಂಚೆ: ರೇಶಿಯೊ 3:1 ಅಥವಾ 4:1, ಅಟ್ಯಾಕ್ 20–30 ಮಿಲಿಸೆಕೆಂಡ್, ರಿಲೀಸ್ 100–150, ಸೂಜಿ 3–5 ಡಿಬಿ ಇಳಿದರೆ ಸಾಕು. ಅಟ್ಯಾಕ್ ಇದಕ್ಕಿಂತ ಬೇಗ ಮಾಡಿದರೆ ಪಿಕ್ ತಂತಿಗೆ ತಾಗುವ 'ಟಕ್' ಸತ್ತು ಸ್ವರ ಹಿಂದೆ ಸರಿದಂತಾಗುತ್ತದೆ. ಮೇಕಪ್ ಗೇನ್ ಮೇಲೆ ಒಂದು ಕಣ್ಣಿರಲಿ: ಇಲ್ಲಿ 4 ಡಿಬಿ ಏರಿಸಿದರೆ ನೀವು ಕಷ್ಟಪಟ್ಟು ಹುಡುಕಿದ ಅಂಚು ಆ 4 ಡಿಬಿಯಷ್ಟು ಜರುಗುತ್ತದೆ. ಅಂಚಿನ ಟೋನ್‌ಗಾದರೆ ಮುಂಚಿನ ಕಂಪ್ರೆಸರ್ ಬೇಡವೇ ಬೇಡ. ಮೆಲ್ಲಗೆ–ಜೋರಾಗಿ ಎಂಬ ವ್ಯತ್ಯಾಸವನ್ನೇ ಅದು ಅಳಿಸಿಹಾಕುತ್ತದೆ.

ಈಕ್ಯೂ

ಕ್ಯಾಬ್ ಆದ ಮೇಲೆ. ಹೈ-ಪಾಸ್ (ಕೆಳದನಿ ತೆಗೆಯುವ ಫಿಲ್ಟರ್) 80 ಹರ್ಟ್ಜ್. ದಪ್ಪ ಇ ತಂತಿಯ ಮೂಲ ಕಂಪನ 82.4 ಆದ್ದರಿಂದ ಅದಕ್ಕಿಂತ ಕೆಳಗೆ ಇರುವುದು ಮೇಜು ಅಲುಗಿದ ಸದ್ದು ಮಾತ್ರ. ಬೇಸ್ ಗಿಟಾರ್ ಜೊತೆಗಿದ್ದರೆ 100–120ಕ್ಕೂ ಏರಿಸಬಹುದು. ಕಾರ್ಡ್‌ಗಳು ಗಿಜಿಗಿಜಿ ಎನಿಸಿದರೆ 200–300ರ ನಡುವೆ 2–3 ಡಿಬಿ ಇಳಿಸಿ. ಚುಚ್ಚುವ ಜಾಗ 3–5 ಕಿಲೋಹರ್ಟ್ಜ್‌ನಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ. ಇಕ್ಕಟ್ಟಾದ ಬ್ಯಾಂಡ್ ಒಂದನ್ನು 6 ಡಿಬಿ ಎತ್ತಿ ನಿಧಾನಕ್ಕೆ ಸರಿಸುತ್ತಾ ಹೋಗಿ, ಅತಿ ಕೆಟ್ಟದೆನಿಸಿದಲ್ಲಿ ನಿಲ್ಲಿಸಿ 2–3 ಡಿಬಿ ಕೆಳಗಿಳಿಸಿ. ಲೋ-ಪಾಸ್ (ಮೇಲ್ದನಿ ತೆಗೆಯುವ ಫಿಲ್ಟರ್) 8–10 ಕಿಲೋಹರ್ಟ್ಜ್. ಯಾವುದಾದರೂ ಬ್ಯಾಂಡ್‌ನಲ್ಲಿ 5 ಡಿಬಿಗಿಂತ ಹೆಚ್ಚು ಬೇಕಾದರೆ ಈಕ್ಯೂ ಮುಚ್ಚಿ ಮೈಕ್ ಸರಿಸಿ.

ಜಾಗ ಮತ್ತು ಗಾಳಿ

ಕ್ಲೀನ್ ಟೋನ್ ಒಣಗಿದ್ದರೆ ಒಂಟಿ ಎನಿಸುತ್ತದೆ, ಒದ್ದೆಯಾದರೆ ಹಿಂದಿನ ಸಾಲಿಗೆ ಹೋಗಿಬಿಡುತ್ತದೆ. ಫೆಂಡರ್ ಮಾದರಿಯ ಸ್ಪ್ರಿಂಗ್ ರಿವರ್ಬ್ 2–3ರಲ್ಲಿದ್ದರೆ ಸಾಕು. ಪ್ಲೇಟ್ ರಿವರ್ಬ್ ಆದರೆ ಪ್ರಿ-ಡಿಲೇ 20–30 ಮಿಲಿಸೆಕೆಂಡ್ ಕೊಡಿ; ಮೀಟಿದ ಸದ್ದು ಮೊದಲು, ಅದರ ನೆರಳು ಆಮೇಲೆ ಬರಲಿ. ರಿವರ್ಬ್ ಬರುವ ದಾರಿಗೆ 250 ಹರ್ಟ್ಜ್ ಹೈ-ಪಾಸ್, 5–6 ಕಿಲೋಹರ್ಟ್ಜ್ ಲೋ-ಪಾಸ್ ಹಾಕಿ.

ಡಿಲೇಗೆ ಲೆಕ್ಕ: 60000ವನ್ನು ಹಾಡಿನ ಬಿಪಿಎಂನಿಂದ (ನಿಮಿಷದ ಬೀಟ್‌ಗಳ ಸಂಖ್ಯೆಯಿಂದ) ಭಾಗಿಸಿದರೆ ಕಾಲು ಸ್ವರದ ಮಿಲಿಸೆಕೆಂಡ್. ಅದನ್ನು 0.75ರಿಂದ ಗುಣಿಸಿದರೆ ಡಾಟೆಡ್ ಎಯ್ತ್. 120 ಬಿಪಿಎಂಗೆ 375. ಡಿಲೇಯ ಮಟ್ಟ ಮೂಲ ಸದ್ದಿಗಿಂತ 8–12 ಡಿಬಿ ಕೆಳಗೆ. ಕೋರಸ್ ಬೇಕಿದ್ದರೆ ವೇಗ 0.5ರಿಂದ 1 ಹರ್ಟ್ಜ್ ಒಳಗಿರಲಿ, ಡೆಪ್ತ್ ಗೊತ್ತಾಗುವವರೆಗೆ ಏರಿಸಿ ಆಮೇಲೆ ಗೊತ್ತಾಗದಷ್ಟು ಇಳಿಸಿ.

ಗುಂಯ್‌ಗುಟ್ಟುವ ಸದ್ದು

ಸಿಂಗಲ್ ಕಾಯಿಲ್‌ನಲ್ಲಿ 50 ಅಥವಾ 60 ಹರ್ಟ್ಜ್ ಗುಂಯ್ ಸಹಜ, ಮತ್ತು ಕ್ಲೀನ್‌ನಲ್ಲಿ ಅದನ್ನು ಮರೆಸಲು ಏನೂ ಇರುವುದಿಲ್ಲ. ಕುರ್ಚಿಯಲ್ಲಿ ಕೂತು ಗಿಟಾರ್ ಹಿಡಿದು ನಿಧಾನವಾಗಿ ಸುತ್ತಿ; ಯಾವುದೋ ಒಂದು ಕೋನದಲ್ಲಿ ಸದ್ದು ತಟ್ಟನೆ ಕಡಿಮೆಯಾಗುತ್ತದೆ. ಅಲ್ಲೇ ಕೂತು ರೆಕಾರ್ಡ್ ಮಾಡಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ಕಿರಿಕಿರಿ ನಿಂತರೆ ಅದರ ಗ್ರೌಂಡಿಂಗ್ ತೊಂದರೆ, ಟೇಕ್ ಮುಗಿಯುವವರೆಗೆ ಬ್ಯಾಟರಿಯಲ್ಲೇ ನಡೆಸಿ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾಗುವುದು ಸಹಜ, ಮುಟ್ಟಿದಾಗ ಹೆಚ್ಚಾದರೆ ಗಿಟಾರಿನೊಳಗಿನ ವೈರಿಂಗ್ ತೋರಿಸಿ. ಗೇಟ್ ಹಾಕಲೇಬೇಕಿದ್ದರೆ ಆ್ಯಂಪಿಗೆ ಮುಂಚೆ, ಥ್ರೆಶೋಲ್ಡ್ −65 ಡಿಬಿ ಸುತ್ತ, ರಿಲೀಸ್ 200 ಮಿಲಿಸೆಕೆಂಡಿಗಿಂತ ಹೆಚ್ಚು. ಇದಕ್ಕಿಂತ ಬಿಗಿ ಮಾಡಿದರೆ ಕಾರ್ಡಿನ ಬಾಲ ಕತ್ತರಿ ಹಾಕಿದಂತೆ ತುಂಡಾಗುತ್ತದೆ.

ಹಾಡಿನೊಳಗೆ ಕೂರಿಸುವುದು

ಸಂಸ್ಕರಿಸದ ಗಿಟಾರನ್ನೂ ಬೇರೆ ಟ್ರ್ಯಾಕ್‌ನಲ್ಲಿ ಉಳಿಸಿಕೊಳ್ಳಿ. ಟೋನ್ ನಾಳೆ ಹಿಡಿಸದಿದ್ದರೆ ಮತ್ತೆ ಬಾರಿಸಬೇಕಿಲ್ಲ. ರಿದಂ ಅಗಲವಾಗಬೇಕಿದ್ದರೆ ಎರಡು ಸಲ ಬಾರಿಸಿ ಎಡ–ಬಲಕ್ಕೆ ಇಡಿ, ಒಂದಕ್ಕೆ ಫೆಂಡರ್, ಇನ್ನೊಂದಕ್ಕೆ ವಾಕ್ಸ್. ಒಂದೇ ಟೇಕನ್ನು ನಕಲು ಮಾಡಿ 15 ಮಿಲಿಸೆಕೆಂಡ್ ಸರಿಸುವ ಅಡ್ಡದಾರಿ ಹೆಡ್‌ಫೋನ್‌ನಲ್ಲಿ ಚೆಂದ ಕೇಳುತ್ತದೆ. ಮೋನೊ ಆದ ಕೂಡಲೇ ಸೋಸಿದಂತೆ ತೆಳ್ಳಗಾಗುತ್ತದೆ. ಕ್ಲೀನ್ ಟೋನನ್ನು ಕಡೆಯದಾಗಿ ತೀರ್ಮಾನಿಸುವುದು ಡ್ರಮ್ಸ್ ಮತ್ತು ಬೇಸ್ ಆನ್ ಇರುವಾಗ, ಮೆಲು ಸದ್ದಿನಲ್ಲಿ. ಒಂಟಿಯಾಗಿ ಕೇಳಿದಾಗ ಸ್ವಲ್ಪ ನಡುದನಿ ಹೆಚ್ಚಾಯಿತು, ಸ್ವಲ್ಪ ಒರಟಾಯಿತು ಎನಿಸುವ ಟೋನೇ ಅಲ್ಲಿ ಸರಿಹೋಗುವುದು.

ಪ್ರಿಸೆಟ್ ಉಳಿಸುವಾಗ ಹೆಸರಿನಲ್ಲೇ ಗಿಟಾರ್, ಪಿಕಪ್ ಸ್ಥಾನ ಮತ್ತು ಇನ್‌ಪುಟ್ ಟ್ರಿಮ್ ಅಂಕಿ ಬರೆದಿಡಿ. ಇಂಟರ್‌ಫೇಸ್ ಬದಲಾದ ದಿನ ಮೇಲಿನ ಕಳೆಯುವ ಲೆಕ್ಕವನ್ನು ಮತ್ತೊಮ್ಮೆ ಮಾಡಿ ಆ ಒಂದು ಅಂಕಿ ತಿದ್ದಿದರೆ ಹಳೇ ಪ್ರಿಸೆಟ್‌ಗಳೆಲ್ಲ ಮೊದಲಿನಂತೆಯೇ ನುಡಿಯುತ್ತವೆ.